ರುದ್ರಕ್ಕ ಬೇಡವೆಂದ ಕುರ್ಚಿ

ಮೊನ್ನೆ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವವರ ಮಗಳು ಸೌಮ್ಯ ಎರಡು ಹಾಳೆ ಹಿಡಿದುಕೊಂಡು ಕೆಳಗಿಳಿದು ಬಂದಳು. ಯಾವುದೋ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನವಂತೆ. "ಅಂಕಲ್, ನೀವು ಮ್ಯಾನೇಜರ್ ಆಗಿದ್ರಂತಲ್ಲ, ಇದನ್ನ ಓದಿ ಏನಾದ್ರೂ ಉದಾಹರಣೆ ಕೊಡಿ" ಎಂದಳು. ನನ್ನನ್ನು ಯಾರಾದರೂ ಸಲಹೆ ಕೇಳಿ ಎಷ್ಟೋ ಕಾಲವಾಗಿತ್ತು. ಕನ್ನಡಕ ಏರಿಸಿ ಗಂಭೀರವಾಗಿ ಓದತೊಡಗಿದೆ.

ಹಾಳೆಯ ಪ್ರಕಾರ ಈ ಪ್ರಾಡಕ್ಟ್ ಮ್ಯಾನೇಜರ್ ಎಂಬ ಮನುಷ್ಯ ತನ್ನ ಕೈಯಾರೆ ಏನನ್ನೂ ಮಾಡುವುದಿಲ್ಲ, ಮಾರುವುದೂ ಇಲ್ಲ. ಆದರೆ ಏನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವುದನ್ನು ಬಿಡಬೇಕು ಎನ್ನುವುದು ಇವನ ತಲೆನೋವು. ಇವನು ಕೆಲಸಗಾರರ ಯಜಮಾನನಲ್ಲ. ಆದರೂ ಅವರು ಇವನ ಮಾತು ಕೇಳುವಂತಾಗಬೇಕು. ಬಳಸುವವರ ಕಷ್ಟ ಅವರಿಗಿಂತ ಚೆನ್ನಾಗಿ ಇವನಿಗೆ ತಿಳಿದಿರಬೇಕು. ಕೊನೆಯಲ್ಲಿ ಒಂದು ಸಾಲು: ಇದಕ್ಕೆ ಇಂಥದೇ ಪದವಿ ಬೇಕೆಂದೇನಿಲ್ಲ. ಅದನ್ನು ಓದುತ್ತಿದ್ದಂತೆ ನನ್ನ ಹೊಟ್ಟೆಯಲ್ಲಿ ಚುರುಕ್ ಎಂದಿತು. ಅಜೀರ್ಣವಲ್ಲ, ಮಾರಾಯರೇ. ನಲವತ್ತು ವರ್ಷಕ್ಕೂ ಹಳೆಯ ಹೊಟ್ಟೆಕಿಚ್ಚು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಡಿಪ್ಲೊಮಾ ಮುಗಿಸಿ ಕಡೂರಿನ ಒಂದು ವರ್ಕ್‌ಶಾಪ್ ಸೇರಿದೆ. ನೇಗಿಲ ಗುಳ, ಕುಡುಗೋಲು, ಬಾಗಿಲ ಚಿಲಕ ಮಾಡುವ ಜಾಗ. ಡ್ರಾಯಿಂಗ್ ಬೋರ್ಡು ಇದ್ದವನು ನಾನೊಬ್ಬನೇ. ಅಂಗಿಯ ಜೇಬಿನಲ್ಲಿ ಮೂರು ಬಗೆಯ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಒಂದರಲ್ಲೇ ಕೆಲಸ ನಡೆಯುತ್ತಿತ್ತು ಎನ್ನುವುದು ಬೇರೆ ಮಾತು.

ರುದ್ರಕ್ಕ ಅಲ್ಲಿ ಸಾಮಾನಿಗೆ ಬಣ್ಣ ಬಳಿದು ಕಟ್ಟು ಕಟ್ಟುವ ಹೆಂಗಸು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಓದಿದ್ದು ನಾಲ್ಕನೇ ಕ್ಲಾಸು. ದಿನಾ ಶಿವನಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದಳು. ಹೆಂಗಸರ ಡಬ್ಬಿಯಲ್ಲಿ ಕೂತು ಬರುವಾಗ ಯಾರ ಮನೆಯ ಕುಡುಗೋಲಿನ ಹಿಡಿ ಸಡಿಲವಾಯಿತು, ಯಾರ ಚಿಲಕ ಮಳೆಗಾಲದಲ್ಲಿ ಬಿಗಿದುಕೊಂಡಿತು ಎಂಬುದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಬಂದವಳೇ ಮಾಲೀಕರ ಮುಂದೆ ನಿಂತು ಒಪ್ಪಿಸುವಳು. ನಮ್ಮ ಮಾಲೀಕರಾದ ಶಿವಲಿಂಗಪ್ಪನವರು ಪುಣ್ಯಾತ್ಮರು, ನಾನು ಯಾವ ಡ್ರಾಯಿಂಗ್ ಹಿಡಿದು ಹೋದರೂ ಅರ್ಧ ನೋಡಿ, "ರುದ್ರಮ್ಮಂಗೆ ತೋರ್ಸಿದ್ರಾ?" ಎನ್ನುತ್ತಿದ್ದರು. ಡಿಪ್ಲೊಮಾ ಮಾಡಿದವನು ಬಣ್ಣ ಬಳಿಯುವವಳಿಗೆ ಡ್ರಾಯಿಂಗ್ ತೋರಿಸಬೇಕು! ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಿರುವಾಗ ಮಾಲೀಕರು ತರೀಕೆರೆಯಲ್ಲಿ ಇನ್ನೊಂದು ಶೆಡ್ ಹಾಕುವ ಯೋಚನೆ ಮಾಡಿದರು. ಅಲ್ಲಿ ಮನೆಬಳಕೆಯ ಸಾಮಾನು ತಯಾರಾಗಬೇಕು, ಮೊದಲು ಶ್ಯಾವಿಗೆ ಒತ್ತುವ ಮೆಷಿನ್ನು. ಅದು ಗೆದ್ದರೆ ಶೆಡ್ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಬೇಕು. ಆ ಕುರ್ಚಿ ನನ್ನದೇ ಎಂದು ಅವತ್ತೇ ತೀರ್ಮಾನಿಸಿದೆ. ಮನೆಯಲ್ಲಿ ಅಪ್ಪನಿಗೂ ಹೇಳಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಾನು ಎತ್ತಿದ ಕೈ.

ಎರಡು ತಿಂಗಳು ಕೂತು ಮೆಷಿನ್ನು ಮಾಡಿದೆ. ಮೇಜಿನ ಅಂಚಿಗೆ ಬಿಗಿಯುವ ಕ್ಲಾಂಪು, ಎರಡು ಗೇರು, ಒಂದು ಚಕ್ರ. ಒಬ್ಬಳೇ ಹೆಂಗಸು ನಿಂತುಕೊಂಡು ಒಂದು ಕೈಯಲ್ಲಿ ತಿರುಗಿಸಬಹುದು. ಒಳಗೆ ಜೇಡಿಮಣ್ಣು ಹಾಕಿ ತಿರುಗಿಸಿದರೆ ಎಳೆ ಎಳೆಯಾಗಿ ಎಷ್ಟು ಚೆನ್ನಾಗಿ ಇಳಿಯುತ್ತಿತ್ತು ಅಂತೀರಿ! ನನಗೇ ನನ್ನ ಮೇಲೆ ಪ್ರೀತಿ ಬಂತು. ಮಾಲೀಕರು, "ಚೆನ್ನಾಗೈತೆ. ಅಜ್ಜಂಪುರದಲ್ಲಿ ನಮ್ಮಕ್ಕನ ಮನೇಲಿ ಭಾನುವಾರ ಒತ್ತಿ ನೋಡಿ. ರುದ್ರಮ್ಮನೂ ಬರ್ಲಿ" ಎಂದರು. ಮತ್ತೆ ರುದ್ರಮ್ಮ!

ಒಟ್ಟಿಗೆ ಹೋದರೆ ನನ್ನ ಮರ್ಯಾದೆಗೆ ಕಮ್ಮಿ ಎಂದುಕೊಂಡು ನಾನು ಮೆಷಿನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅವಳು ಆಗಲೇ ಆ ಮನೆಯ ಅಡುಗೆಮನೆಯಲ್ಲಿ ಸೊಸೆಯಂದಿರ ನಡುವೆ ನೆಲದ ಮೇಲೆ ಕಾಲು ಮಡಚಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಾಳೆ. ನನ್ನ ಕಡೆ ನೋಡಿ ನಕ್ಕಳು, ಅಷ್ಟೆ.

ಮೆಷಿನ್ನು ಬಿಗಿಯೋಣವೆಂದರೆ ಆ ಅಡುಗೆಮನೆಯಲ್ಲಿ ಮೇಜೇ ಇಲ್ಲ. ಇದ್ದದ್ದು ಪಡಸಾಲೆಯಲ್ಲಿ ರೇಡಿಯೋ ಇಟ್ಟಿದ್ದ ಸಣ್ಣ ಮೇಜು. ರೇಡಿಯೋ ಇಳಿಸಿ, ಮೇಜಿಗೆ ಮೆಷಿನ್ನು ಬಿಗಿದು, ಗೇರಿನ ವಿಷಯವಾಗಿ ಒಂದು ಸಣ್ಣ ಭಾಷಣ ಮಾಡಿದೆ. ಅಷ್ಟರಲ್ಲಿ ಒಳಗೆ ಬೆಂದ ಹಿಟ್ಟಿನ ಉಂಡೆ ಆರುತ್ತಿತ್ತು. ಶ್ಯಾವಿಗೆ ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಇದು ಆ ಮನೆಯ ಎಂಟು ವರ್ಷದ ಹುಡುಗಿಗೂ ಗೊತ್ತಿತ್ತು. ನಾನು ಆರಿದ ಉಂಡೆಯನ್ನೇ ಹಾಕಿ ಚಕ್ರ ತಿರುಗಿಸಿದೆ. ಹಿಟ್ಟು ಕದಲಲಿಲ್ಲ, ಮೇಜೇ ಎದ್ದು ನಿಂತಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ನಾನೂ ಎಂದೆ: "ಮೇಜು ಸರಿಯಿಲ್ಲ."

ಮಾಲೀಕರ ಅಕ್ಕ, ಮನೆಯ ಯಜಮಾನಿ ಗೌರಜ್ಜಿ ಹತ್ತಿರ ಬಂದು ಮೂಗು ಮುಚ್ಚಿಕೊಂಡರು. "ಏನಪ್ಪಾ, ಇದಕ್ಕೆ ಎಂಥದು ಬಳಿದಿದೀಯ? ಬಸ್ಸಿನ ವಾಸ್ನೆ ಬತ್ತೈತೆ!"

"ಗ್ರೀಸು ಅಜ್ಜೀ. ಗೇರು ಸಲೀಸಾಗಿ ತಿರುಗ್ಲಿ ಅಂತ."

"ಸಿವನೇ! ಅದು ಸ್ಯಾವಿಗೆಗೆ ಬಿದ್ರೆ ಸಾಮಿಗೆ ಎಡೆ ಇಡೋದೆಂಗೆ?"

ಸೊಸೆಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೌರಜ್ಜಿ ಅಟ್ಟದಿಂದ ಹಳೆಯ ಮರದ ಶ್ಯಾವಿಗೆ ಒತ್ತನ್ನು ಇಳಿಸಿ, ಹೊಸದಾಗಿ ಉಂಡೆ ಬೇಯಿಸಿ ಸೊಸೆಯಂದಿರಿಂದ ಒತ್ತಿಸತೊಡಗಿದರು. ಒಬ್ಬಳು ಅದರ ಕಾಲನ್ನು ತನ್ನ ಪಾದದಲ್ಲಿ ಒತ್ತಿ ಹಿಡಿದಳು, ಇನ್ನೊಬ್ಬಳು ಮೇಲಿನ ಹಿಡಿಯ ಮೇಲೆ ಭಾರ ಹಾಕಿದಳು, ಮೂರನೆಯವಳು ಕೆಳಗೆ ತಟ್ಟೆ ತಿರುಗಿಸಿದಳು. ಬಾಯಿ ತುಂಬ ಮಾತು, ನಡುನಡುವೆ ಬೈಗುಳ. ರುದ್ರಕ್ಕ ಪಕ್ಕದಲ್ಲೇ ನೋಡುತ್ತಾ ಕೂತಿದ್ದಳು.

ವಾಪಸ್ ಬರುವಾಗ ನನಗೆ ಬಸ್ಸು ತಪ್ಪಿತ್ತು; ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಅವಳೇ ಬಾಯಿಬಿಟ್ಟಳು. "ಇಂಜಿನಿಯರ್ರೇ, ನಿಮ್ಮನೇಲಿ ಸ್ಯಾವಿಗೆ ಒತ್ತೋವಾಗ ನೀವೆಲ್ಲಿ ಕೂತಿರ್ತೀರಿ?"

"ಎಲೆ ಮುಂದೆ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ನಗಲಿಲ್ಲ. "ಅದಕ್ಕೇ ಕಣ್ರೀ. ಏನು ಬೇಕು ಅಂತ ಕೇಳಿದ್ರೆ ಹೆಂಗಸ್ರು ಹೇಳಲ್ಲ, ಅವ್ರಿಗೂ ಗೊತ್ತಿರಲ್ಲ. ಮಾಡೋವಾಗ ಪಕ್ಕದಲ್ಲಿ ಕೂತ್ಕೊಂಡು ಎಲ್ಲೆಲ್ಲಿ ಬೈತಾರೆ ನೋಡ್ಬೇಕು. ಬೈದ ಕಡೆ ನಮ್ಮ ಕೆಲ್ಸ. ನಗೋ ಕಡೆ ಕೈ ಹಾಕ್ಬಾರ್ದು. ಒಬ್ಳೇ ನಿಂತ್ಕೊಂಡು ಒತ್ತೋ ಮೆಷಿನ್ ಮಾಡಿದ್ರಲ್ಲ, ಮೂರು ಜನ ಕೂತು ಮಾತಾಡೋಕೆ ಸಿಗೋದು ಅವತ್ತೊಂದಿನ. ಅದನ್ನ ಯಾಕೆ ಕಿತ್ಕೋತೀರಿ?"

ಅವಳು ಲೆಕ್ಕವಿಟ್ಟಿದ್ದ ಬೈಗುಳ ಮೂರು. ಭಾರ ಹಾಕುವವಳ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ, ಒತ್ತಿ ಹಿಡಿದವಳ ಪಾದ ಜಾರುತ್ತದೆ, ಒಳಗೆ ಅಂಟಿದ ಹಿಟ್ಟು ತೊಳೆಯಲು ಕೈ ಹೋಗುವುದಿಲ್ಲ. ಹಾಗಾದರೆ ನೆಲದ ಮೇಲೆ ನಿಲ್ಲುವ ಮೂರು ಕಾಲು, ಪಾದ ಒತ್ತಲು ಅಗಲವಾದ ಪಟ್ಟಿ, ಮೇಲೆ ಉದ್ದ ಹಿಡಿಯ ತಿರುಪು, ಬಿಸಿನೀರಿಗೆ ಹಾಕಿ ತೊಳೆಯಲು ಕಳಚಿ ಬರುವ ಬಟ್ಟಲು. ಗ್ರೀಸು ಬೇಡ, ಕೊಬ್ಬರಿ ಎಣ್ಣೆ ಸಾಕು. ಚಕ್ರವೂ ಬೇಡ, ಗೇರೂ ಬೇಡ. ನನ್ನ ಎರಡು ತಿಂಗಳ ಗೇರು! ಅವಳು ಹೇಳಿದ್ದು ಅಕ್ಷರಶಃ ಸರಿಯಿತ್ತು. ಅದಕ್ಕೇ ಸಹಿಸಲಾಗಲಿಲ್ಲ. ತಪ್ಪಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಹಲ್ಲು ಕಚ್ಚಿಕೊಂಡು ಡ್ರಾಯಿಂಗ್ ಬರೆದುಕೊಟ್ಟೆ. ಆ ಮೆಷಿನ್ನು ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಲ್ಲಿ ಬಂದದ್ದು ಬಂದ ಹಾಗೆ ಖರ್ಚಾಯಿತು. ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಅವರು ನನ್ನ ಮುಖ ಸಹ ನೋಡದೆ, "ರುದ್ರಮ್ಮ, ತರೀಕೆರೆ ಶೆಡ್ ನೀನೇ ನೋಡ್ಕೋ" ಎಂದರು.

ನನ್ನ ಕಿವಿ ಗುಂಯ್ ಎಂದಿತು. ರುದ್ರಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಬ್ಯಾಡ ಸಾಮಿ. ಕುರ್ಚಿ ಮ್ಯಾಲೆ ಕೂತೋಳ ಹತ್ರ ಯಾವ ಹೆಂಗಸು ನಿಜ ಹೇಳ್ತಾಳೆ? ಇವ್ರಿಗೆ ಕೊಡಿ, ಓದ್ಕಂಡವ್ರೆ."

ಹೀಗೆ ನಾನು ಮ್ಯಾನೇಜರ್ ಆದೆ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಅವಳು ಆಸೆಪಟ್ಟು ಸೋತಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಬೇಡವೆಂದು ಪಕ್ಕಕ್ಕೆ ಸರಿಸಿದ ಎಲೆಯಲ್ಲಿ ನಾನು ಉಂಡೆ. ಅದರ ಸೇಡನ್ನು ಹೇಗೆ ತೀರಿಸಿಕೊಂಡೆ ಗೊತ್ತೇ? ತರೀಕೆರೆಯ ಶೆಡ್ಡಿಗೆ ಅವಳನ್ನು ಒಂದು ದಿನವೂ ಕರೆಯಲಿಲ್ಲ. ಸ್ವಂತ ಬುದ್ಧಿಯಿಂದ ಚಕ್ರವಿರುವ, ಗೇರಿರುವ, ಮೇಜಿಗೆ ಬಿಗಿಯುವ ಕಾಯಿ ತುರಿಯುವ ಯಂತ್ರ ಮಾಡಿದೆ. ಶ್ಯಾವಿಗೆ ಮೆಷಿನ್ನಿನಿಂದ ಬಂದ ದುಡ್ಡನ್ನೆಲ್ಲ ನುಂಗಿ ಅವು ಶೆಡ್ಡಿನಲ್ಲೇ ತುಕ್ಕು ಹಿಡಿದವು. ಎರಡನೇ ವರ್ಷ ಶೆಡ್ಡಿಗೆ ಬೀಗ ಬಿತ್ತು. ಕೆಲಸ ಕಳೆದುಕೊಂಡ ಆರು ಮಂದಿಗೆ ನಾನು ಹೇಳಿದ ಕಾರಣ, "ಜನಕ್ಕೆ ಹೊಸದು ಬೇಡ." ರುದ್ರಕ್ಕನನ್ನು ಒಂದು ಮಾತು ಕೇಳಿದ್ದರೆ ಆ ಆರು ಮಂದಿಯ ಒಲೆ ಉರಿಯುತ್ತಿತ್ತು. ಇದನ್ನು ನಾನು ಇಂದಿನವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

ಸೌಮ್ಯಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊನೆಗೆ, "ಹಂಗಾದ್ರೆ ಆಗಿನ ಕಾಲದಲ್ಲೇ ನೀವು ಪ್ರಾಡಕ್ಟ್ ಮ್ಯಾನೇಜರ್ ಆಗಿದ್ರಿ ಅನ್ನಿ!" ಎಂದಳು. ಎಷ್ಟು ಸಲೀಸಾಗಿ ಹೂಂ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನಾನಲ್ಲಮ್ಮ. ರುದ್ರಕ್ಕ" ಎಂದೆ.

ಅವಳು ಆ ಹೆಸರನ್ನು ಹಾಳೆಯ ಮೇಲೆ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ನನ್ನ ಹೆಸರನ್ನು ಬರೆದುಕೊಳ್ಳಲಿಲ್ಲ. ಸುಳ್ಳೇಕೆ, ಆಗಲೂ ಸ್ವಲ್ಪ ಉರಿಯಿತು.

ಅವಳು ಹೋದ ಮೇಲೆ ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಮಂಡಿ ನೋವಿದ್ದರೂ ಅವಳ ಎದುರು ನೆಲದ ಮೇಲೆ ಕೂತು, "ಈ ಅಡುಗೆಮನೇಲಿ ನಿನಗೆ ಏನೇನು ತೊಂದ್ರೆ ಐತೆ?" ಎಂದು ಕೇಳಿದೆ.

ಅವಳು ಸೊಪ್ಪು ಕೆಳಗಿಟ್ಟು, ಹುಷಾರಿದ್ದೀನೋ ಇಲ್ಲವೋ ಎಂಬಂತೆ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಬೆನ್ನಿಗೆ ದಿಂಬು ತಂದ್ಕೊಂಡು ಕೂತ್ಕೊಳ್ರೀ. ಒಂದಿನಕ್ಕೆ ಮುಗಿಯೋ ಮಾತಲ್ಲ" ಎಂದಳು.

ದಿಂಬು ತಂದು ಕೂತೆ. ಬಾಯಿ ಮುಚ್ಚಿಕೊಂಡು.