ಕಂಬಳಿಯಕ್ಕ ಒಪ್ಪಿಸಿದ ಪಾಠ

ಹೋದ ವಾರ ಮಧುಗಿರಿಯಿಂದ ಬರುವಾಗ ಮೋಟಾರಿನಲ್ಲಿ ಒಬ್ಬ ಮುದುಕ ನನ್ನ ಪಕ್ಕ ಬಂದು ಕೂತ. ಮಳೆಯಲ್ಲಿ ತೊಯ್ದ ಕರಿ ಕಂಬಳಿ ಹೊದ್ದಿದ್ದ. ಒದ್ದೆ ಉಣ್ಣೆಯ ವಾಸನೆ, ಅದರಲ್ಲಿ ಒಂದಿಷ್ಟು ಕುರಿ, ಒಂದಿಷ್ಟು ಒಲೆಯ ಹೊಗೆ. ಉಳಿದವರು ಮುಖ ಆಚೆ ತಿರುಗಿಸಿದರು. ದಾರಿಯುದ್ದಕ್ಕೂ ನಾಲ್ಕು ಜನರನ್ನು ಅಣಕಿಸಿ ನಗಿಸದೆ ಇಳಿಯುವವನಲ್ಲ ನಾನು. ಅವತ್ತು ಕಂಡಕ್ಟರನ ದನಿಯನ್ನೂ ಅಣಕಿಸದೆ ಊರು ಸೇರಿದೆ.

ಆ ವಾಸನೆ ನಮ್ಮ ಕ್ರೈಸ್ತ ದೇವಾಲಯದೊಳಗೆ ಬಂದದ್ದು ಕಂಬಳಿಯಕ್ಕನ ಜೊತೆ. ಅವಳಿಗೊಂದು ಹೆಸರು ಇದ್ದೇ ಇತ್ತು, ನಾವ್ಯಾರೂ ಅದರಿಂದ ಕರೆಯಲಿಲ್ಲ. ಕಳ್ಳಂಬೆಳ್ಳದ ಆಚೆ ಯಾವುದೋ ಕುರಿಹಟ್ಟಿಯವಳು. ಪ್ಲೇಗಿನಲ್ಲಿ ಅವಳ ಗಂಡ ಹೋದ, ಮೈದುನನ ಮಗುವೂ ಹೋಯಿತು. ಅವಳೊಬ್ಬಳು ನಮ್ಮ ಮಿಷನ್ನಿನ ಆಸ್ಪತ್ರೆಯಲ್ಲಿ ಬದುಕಿಕೊಂಡಳು. ಬದುಕಿದ್ದೇ ತಪ್ಪಾಯಿತು. ಮಾರಿ ಇವಳ ಮೈಯಲ್ಲೇ ಉಳಿದಿದೆ ಎಂದು ಹಟ್ಟಿಯವರು ತೀರ್ಮಾನಿಸಿದರು. ಮೈದುನ ಇನ್ನಿಬ್ಬರನ್ನು ಕರೆದುಕೊಂಡು ಬಂದು ನಮ್ಮ ಕಾಂಪೌಂಡಿನ ಗೇಟಿನೆದುರು ಹುಣಸೆಮರದ ಕೆಳಗೆ ಕೂತ. ಬೈಯಲಿಲ್ಲ, ಕೂಗಲಿಲ್ಲ. ದೊಣ್ಣೆಗಳನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು... ನೀರಿಗೆ ಹೋಗುವಾಗ ನಾವೂ ಆ ಕಡೆ ನೋಡುತ್ತಿರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಅವಳನ್ನು ಇಟ್ಟುಕೊಂಡದ್ದು ಕೆಲವು ದಿನದ ಮಟ್ಟಿಗೆ. ಕಾಂಪೌಂಡಿನೊಳಗೆ ಮನೆ ಸಿಗಬೇಕಾದರೆ ಸಭೆಗೆ ಸೇರಬೇಕು. ಸೇರಬೇಕಾದರೆ ದೀಕ್ಷಾಸ್ನಾನಕ್ಕೆ ಮೊದಲು ನಲವತ್ತು ಪ್ರಶ್ನೆಗಳಿಗೆ ಬಾಯಿಪಾಠವಾಗಿ ಉತ್ತರ ಒಪ್ಪಿಸಬೇಕು. ಈ ನಲವತ್ತು ನಮ್ಮವರಲ್ಲಿ ಯಾರಿಗೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ನಾವೆಲ್ಲ ಎಳೆಗೂಸಾಗಿದ್ದಾಗಲೇ ದೀಕ್ಷೆ ಪಡೆದವರು. ನೀರು ಬಿದ್ದಾಗ ನಾನು ಕಿಟಾರನೆ ಕಿರುಚಿದೆನಂತೆ, ಅದೇ ನನ್ನ ಪರೀಕ್ಷೆ.

ನಮ್ಮದು ಐದು ಮನೆಯ ಸಭೆ. ಐದು ಮನೆಗೆ ಐದು ಬೆಂಚು, ಬೆಂಚಿಗೊಂದು ವಂಶಾವಳಿ. ಕಂಬಳಿಯಕ್ಕ ಮೊದಲ ಭಾನುವಾರ ಗೊತ್ತಿಲ್ಲದೆ ಎರಡನೆಯ ಬೆಂಚಿನ ತುದಿಯಲ್ಲಿ ಕೂತಾಗ, ಆ ಬೆಂಚಿನ ಅಮ್ಮ ಸೆರಗಿನಿಂದ ಮೂಗು ಒತ್ತಿಕೊಂಡು, "ಇದು ನಮ್ಮತ್ತೆ ಕೂರ್ತಿದ್ದ ಜಾಗ ಕಣಮ್ಮ" ಎಂದರು. ಅತ್ತೆ ಸತ್ತು ಹನ್ನೆರಡು ವರ್ಷವಾಗಿತ್ತು. ಅವತ್ತಿನಿಂದ ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಕುರಿ ಕಾಯುವ ಒಡೆಯನ ಮೇಲೆ ವಾರವಾರ ಹಾಡುತ್ತಿದ್ದ ನಮಗೆ ನಿಜವಾದ ಕುರಿಯ ವಾಸನೆ ತಡೆಯಲಾಗಲಿಲ್ಲ. ನಾನೂ ಮೂಗು ಮುಚ್ಚಿಕೊಂಡವನೇ.

ಅವಳೇ ಬಂದು ಕೇಳಿಕೊಂಡದ್ದರಿಂದ, ಸಭೆಯವರಿಗೆ ಗೊತ್ತಿಲ್ಲದೆ, ಅವಳಿಗೆ ಪಾಠ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಂತು. ನನಗೆ ಆಗ ಹತ್ತೊಂಬತ್ತು ವರ್ಷ. ಅಪ್ಪ ದೇವಾಲಯದ ಗಂಟೆ ಬಾರಿಸುವವರು, ನಾವಿದ್ದ ಮನೆ ಸಭೆಯ ಹಿರಿಯರ ದಯೆ. ಈ ಹಿರಿಯರು ರಿಟೈರಾದ ಮೇಷ್ಟ್ರು. ಏನು ಹೇಳುವ ಮೊದಲೂ ಎರಡು ಸಲ ಕೆಮ್ಮಿ, ಕಣ್ಣು ಮುಚ್ಚಿ, ಕನ್ನಡಕವನ್ನು ಎರಡು ಬೆರಳಲ್ಲಿ ಮೇಲಕ್ಕೆ ತಳ್ಳಿ, ಕೊನೆಯ ಅಕ್ಷರವನ್ನು ಸೂರಿನ ತನಕ ಎಳೆಯುತ್ತಿದ್ದರು. ಊರಿನಲ್ಲಿ ನನಗಿದ್ದ ಹೆಸರೆಲ್ಲ ಈ ಹಿರಿಯರನ್ನು ಅವರ ಬೆನ್ನ ಹಿಂದೆ ಅಣಕಿಸುವುದರಿಂದಲೇ ಬಂದದ್ದು.

ಮೂರು ದಿನ ಸಾದಾ ದನಿಯಲ್ಲಿ ಹೇಳಿಕೊಟ್ಟೆ, ಒಂದೂ ನಿಲ್ಲಲಿಲ್ಲ. ಹುಣಸೆಮರದ ಕಡೆ ಕಣ್ಣಿಟ್ಟವಳ ತಲೆಯಲ್ಲಿ ಏನು ನಿಂತೀತು? ನಾಲ್ಕನೆಯ ದಿನ ಬೇಸರ ಕಳೆಯಲು ಹಿರಿಯರ ಹಾಗೆ ಕೆಮ್ಮಿ, ಕಣ್ಣು ಮುಚ್ಚಿ, ಎಳೆದು ಹೇಳಿದೆ. ಅವಳು ನಗಲಿಲ್ಲ. ನೆಟ್ಟಗೆ ಕೂತು ಕೇಳಿದಳು. ಮಾರನೆಯ ದಿನ ಆರು ಉತ್ತರ ಬಂದವು, ಹದಿನೈದು ದಿನದಲ್ಲಿ ನಲವತ್ತೂ.

"ಇದೇ ಸರಿ ನೋಡು ತಮ್ಮಯ್ಯ. ಮಂತ್ರ ಅಂದ್ಮೇಲೆ ಹೇಳೋ ಹಂಗೇ ಹೇಳ್ಬೇಕು" ಎಂದಳು. ಅಣಕವನ್ನು ಅವಳು ಮಂತ್ರದ ಕಟ್ಟಳೆ ಎಂದುಕೊಂಡಿದ್ದಾಳೆ ಎಂದು ನನಗೆ ಆಗಲೇ ಹೊಳೆಯಿತು. ತಿದ್ದಲಿಲ್ಲ. ಪರೀಕ್ಷೆಯ ದಿನ ಭಯಕ್ಕೆ ಅದೆಲ್ಲ ತಾನೇ ಉದುರಿಹೋಗುತ್ತದೆ ಅಂದುಕೊಂಡೆ... ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಮಜಾ ಇತ್ತು.

ಪರೀಕ್ಷೆಯ ಹಿಂದಿನ ದಿನ ಅವಳು ಕೇಳಿದಳು, "ಸೇರಿಸ್ಕಳ್ದಿದ್ರೆ ನಾನು ಆ ಗೇಟಿಂದ್ಲೇ ಹೋಗ್ಬೇಕಲ್ಲ ತಮ್ಮಯ್ಯ. ಅವ್ರು ಬುಡ್ತಾರಾ?" ಎಲ್ಲ ಸರಿಹೋಗುತ್ತದೆ ಎಂದೆ.

ಶನಿವಾರ ಮಧ್ಯಾಹ್ನ. ತುಮಕೂರಿನಿಂದ ತಿಂಗಳಿಗೊಮ್ಮೆ ಬರುವ ಪಾದ್ರಿ ಅಯ್ಯನವರು ನಡುವೆ, ಪಕ್ಕದಲ್ಲಿ ಹಿರಿಯರು. ಐದು ಬೆಂಚೂ ತುಂಬಿದ್ದವು. ನಿನ್ನನ್ನು ಸೃಷ್ಟಿಸಿದವರು ಯಾರು ಎಂದು ಅಯ್ಯನವರು ಮೆತ್ತಗೆ ಕೇಳಿದರು. ಕಂಬಳಿಯಕ್ಕ ಎರಡು ಸಲ ಕೆಮ್ಮಿದಳು. ಕಣ್ಣು ಮುಚ್ಚಿದಳು. ಎರಡು ಬೆರಳೆತ್ತಿ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. "ದೇವರೂ..." ಎಂದು ಎಳೆದಳು.

ಯಾರೋ ಕಿಸಕ್ಕೆಂದರು. ಎರಡನೆಯ ಪ್ರಶ್ನೆಗೂ ಹಾಗೇ, ಮೂರನೆಯದಕ್ಕೂ ಹಾಗೇ. ಒಂದಕ್ಷರ ತಪ್ಪಲಿಲ್ಲ. ಬೆಂಚುಗಳು ನಗೆಯಿಂದ ಅಲುಗಿದವು. ಅವಳೊಬ್ಬಳು ಬೆವರುತ್ತಾ, ಭಕ್ತಿಯಿಂದ, ಇಲ್ಲದ ಕನ್ನಡಕವನ್ನು ತಳ್ಳುತ್ತಲೇ ಇದ್ದಳು.

ಹಿರಿಯರು ಎದ್ದರು. "ಯಾರು ಕಲಿಸಿದ್ದು ಇದನ್ನ?"

ಅವಳು ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಬೇಡ ಎಂದು, ಅಷ್ಟೇ ಅಷ್ಟು. ಅಪ್ಪ ಹಿಂದೆ ಗಂಟೆಯ ಹಗ್ಗದ ಹತ್ತಿರ ನಿಂತಿದ್ದರು.

"ಯಾರೂ ಇಲ್ಲ ಬುದ್ಧಿ. ನಾನೇ ಕೇಳ್ಕಂಡು ಕಲ್ತೆ."

"ದೇವರ ಮನೆಯಲ್ಲಿ ಗೇಲಿ ಮಾಡುವವರಿಗೆ ಜಾಗ ಇಲ್ಲ. ನಮ್ಮ ಸಭೆಗೆ ಒಂದು ಕ್ರಮ ಇದೆ" ಎಂದರು ಹಿರಿಯರು. ಅಯ್ಯನವರು ಏನೋ ಹೇಳಲು ಹೋಗಿ, ಐದು ಬೆಂಚುಗಳನ್ನೂ ನೋಡಿ, ಬರುವ ವರ್ಷ ನೋಡೋಣ ಎಂದರು. ನಗು ನಿಂತಿತ್ತು. ಎಲ್ಲರ ಮುಖದಲ್ಲೂ ನಿರಾಳ. ಯಾರೂ ಸರಿದು ಕೂರಬೇಕಾಗಿ ಬರಲಿಲ್ಲ.

ಗೇಟಿನ ಹತ್ತಿರ ಅವಳ ಹಿಂದೆ ಓಡಿದೆ. ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾ, "ಯಾವ ಮಾತು ತಪ್ಪಾತು ತಮ್ಮಯ್ಯ?" ಎಂದು ಕೇಳಿದಳು.

"ಒಂದೂ ತಪ್ಪಿಲ್ಲ ಅಕ್ಕ."

"ಮತ್ಯಾಕೆ ನಕ್ರು?"

ನಾಲ್ಕೂರಿನ ಜನರ ದನಿಯಲ್ಲಿ ಮಾತಾಡಬಲ್ಲ ನಾನು ಗೇಟಿನ ಅಗುಳಿ ತೆಗೆದುಕೊಟ್ಟೆ. ಅವಳು ಶಿರಾದ ದಾರಿ ಹಿಡಿದು ನಡೆದಳು. ಹುಣಸೆಮರದ ಕೆಳಗಿನ ಮೂವರು ಪಂಚೆ ಕೊಡವಿಕೊಂಡು ಎದ್ದರು. ಅವಸರ ಮಾಡಲಿಲ್ಲ. ಒಂದಿಷ್ಟು ಅಂತರ ಬಿಟ್ಟುಕೊಂಡು ಹಿಂದೆಯೇ ಹೋದರು... ತಿರುವಿನ ತನಕ ನೋಡಿದೆ.

ಆಮೇಲೆ ಕಂಬಳಿ ಮಾರಲು ಬಂದವರನ್ನೆಲ್ಲ ವಿಚಾರಿಸಿದೆ. ಪಾವಗಡದ ಕಡೆ ಕಂಡೆ ಎಂದ ಒಬ್ಬ. ಅಂಥವಳು ಹಟ್ಟಿಗೆ ವಾಪಸು ಬರಲೇ ಇಲ್ಲ ಎಂದ ಇನ್ನೊಬ್ಬ, ಹೇಳಿ ಬೇಗ ಗಂಟು ಕಟ್ಟಿಕೊಂಡ.

ಹಿರಿಯರು ಈಗಲೂ ಇದ್ದಾರೆ. ಅಪ್ಪ ಈಗಲೂ ಅವರ ದಯೆಯ ಮನೆಯಲ್ಲಿದ್ದುಕೊಂಡು ಗಂಟೆ ಬಾರಿಸುತ್ತಾರೆ. ಇದು ಅಚ್ಚಾಗುವ ಈ ಪತ್ರಿಕೆ ನಮ್ಮೂರಿಗೂ ಬರುತ್ತದೆ, ಹಿರಿಯರು ಒಂದಕ್ಷರ ಬಿಡದೆ ಓದುತ್ತಾರೆ. ಕಲಿಸಿದವನು ನಾನೇ ಎಂದು ಅವರಿಗೆ ಈಗ ತಿಳಿಯುತ್ತದೆ. ತಿಳಿಯಬೇಕಾದವಳಿಗೆ ಓದು ಬರುತ್ತಿರಲಿಲ್ಲ... ಅದಕ್ಕೇ ತಾನೇ ಅವಳು ನನ್ನ ಬಾಯಿಂದ ಕಲಿಯಲು ಬಂದದ್ದು.