ಮುಗಿಯದ ಪೋರ್ಷನ್ನು

ನನಗೊಂದು ಕೆಟ್ಟ ಚಾಳಿಯಿದೆ: ಒಬ್ಬನೇ ಇದ್ದಾಗ ಗಟ್ಟಿಯಾಗಿ ಮಾತಾಡುತ್ತೇನೆ. ಹುಚ್ಚಲ್ಲ, ಇಂಗ್ಲಿಷ್ ಮೇಷ್ಟ್ರ ಕಸುಬಿನ ಚಟ. ಕಾಲೇಜಿನಲ್ಲಿ ಹನ್ನೊಂದಕ್ಕೆ ಹೇಳಬೇಕಾದ ಪಾಠವನ್ನು ಬೆಳಿಗ್ಗೆ ಏಳಕ್ಕೇ ಬಾಗಿಲು ಹಾಕಿಕೊಂಡು ಗೋಡೆಗೆ ಒಪ್ಪಿಸುತ್ತಿದ್ದೆ. ಗೋಡೆ ಎಂದೂ ಆಕಳಿಸಿದ್ದಿಲ್ಲ. ಆ ಮಟ್ಟಿಗೆ ಅದು ನನ್ನ ಬಿ.ಎ. ತರಗತಿಗಿಂತ ವಾಸಿ.

ಹೇಳುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯದ ಚರಿತ್ರೆ. ಸಾಹಿತ್ಯ ಸಮಾಜದ ಕನ್ನಡಿ ಎಂಬುದು ಮೊದಲ ವಾಕ್ಯ. ಮಠ, ಯಾತ್ರೆ, ಪ್ಲೇಗುಗಳ ಕಾಲದಲ್ಲಿ ಅವರ ಕಾವ್ಯಕ್ಕೆ ಪಾಪಪುಣ್ಯದ ಚಿಂತೆ. ಹಡಗುಗಳು ಹೊಸ ದೇಶ ಕಂಡುಬಂದಾಗ ನಾಟಕದ ರಾಜರ ಬಾಯಿಯೂ ದೊಡ್ಡದಾಯಿತು. ಕಾಫಿ ಅಂಗಡಿಗಳು ತೆರೆದ ಮೇಲೆ ಬರವಣಿಗೆಗೆ ಹರಟೆಯ ನಾಲಿಗೆ ಬಂತು. ಇದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಗಳು ಹೊಗೆ ಕಾರತೊಡಗಿದಾಗ ಕೆಲವರು ಬೆಟ್ಟಗುಡ್ಡಕ್ಕೆ ಓಡಿ ಹಾಡಿದರು, ಕೆಲವರು ಹೊಗೆಯಲ್ಲೇ ಕೂತು ಬಡವರ ಕಾದಂಬರಿ ಬರೆದರು. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೂ ತಿಳಿಯಲೆಂದು ಪ್ರತಿ ಪ್ಯಾರಾದ ಕೊನೆಗೆ ಕನ್ನಡದಲ್ಲಿ ಸಾರಾಂಶ ಹೇಳುವುದು ನನ್ನ ಪದ್ಧತಿ.

ಇದೆಲ್ಲ ನನ್ನ ಗುರುಗಳು ಬರೆಸಿ, ನಾನು ಬರೆದುಕೊಂಡು, ಮೂವತ್ತು ವರ್ಷ ಮತ್ತೆ ಬರೆಸಿದ ಒಂದೇ ನೋಟ್ಸು. ಸ್ವಾತಂತ್ರ್ಯ ಬಂದು ಐದಾರು ವರ್ಷವಾದ ಮೇಲೂ ಅದರಲ್ಲಿದ್ದಂತೆ ‘ನಮ್ಮ ಘನ ಚಕ್ರವರ್ತಿಗಳ ಆಳ್ವಿಕೆಯಲ್ಲಿ’ ಎಂದೇ ಬರೆಸುತ್ತಿದ್ದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲೂ ಹಾಗೇ ಬರೆದರು, ನಾನೂ ಧಾರಾಳವಾಗಿ ಅಂಕ ಕೊಟ್ಟೆ. ಹೊರಗೆ ಜಟಕಾ ಕಡಿಮೆಯಾಗಿ ಸಿಟಿ ಬಸ್ಸು ಬಂತು. ಅರಮನೆಗೆ ಕೈಮುಗಿಯುತ್ತಿದ್ದವರು ಓಟು ಹಾಕಲು ಸಾಲಾಗಿ ನಿಂತರು. ಕಾಲದೊಂದಿಗೆ ಎಲ್ಲವೂ ಬದಲಾಗುತ್ತದೆಂದು ಸಾರುತ್ತಿದ್ದ ನೋಟ್ಸು ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ಇನ್ನೊಂದು ಗುಟ್ಟು ನಿಮ್ಮಲ್ಲೇ ಇರಲಿ. ನನ್ನ ಪೋರ್ಷನ್ನು ಒಂದು ವರ್ಷವೂ ಮುಗಿದದ್ದಿಲ್ಲ. ಗಿರಣಿಯ ಹೊಗೆ ದಾಟುವಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತಿತ್ತು. ಪಠ್ಯಪುಸ್ತಕದಲ್ಲಿ ಈ ಶತಮಾನದ ಬಗ್ಗೆ ಇದ್ದ ಕೊನೆಯ ಅಧ್ಯಾಯವನ್ನು ‘ನೀವೇ ಓದಿಕೊಳ್ಳಿ’ ಎಂದು ಬಿಟ್ಟುಬಿಡುತ್ತಿದ್ದೆ. ಯಾರೂ ಓದಲಿಲ್ಲ, ಮೇಷ್ಟ್ರೂ ಸರಿಯಾಗಿ ಓದಿರಲಿಲ್ಲ.

ಈ ಮಾರ್ಚ್‌ನಲ್ಲಿ ನಿವೃತ್ತನಾದೆ. ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟರು, ಇನ್ನು ಹೊತ್ತು ನೋಡುವ ಕೆಲಸವೇ ಇಲ್ಲದವನಿಗೆ. ಜುಲೈನಲ್ಲಿ ಕಾಲೇಜು ತೆರೆದ ದಿನ ಏಳಕ್ಕೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಹೇಳುವುದು ಯಾರಿಗೆ? ಕೂತುಬಿಟ್ಟೆ. ಹೆಂಡತಿ ತೀರಿಕೊಂಡ ಮೇಲೆ, ಚರ್ಚಿನ ಗಂಟೆ ಕೇಳಿಸುವ ಈ ವಠಾರಕ್ಕೆ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ಒಂಟಿಯೆಂದುಕೊಂಡೇ ಇದ್ದೆ, ಆದರೆ ಒಂಟಿತನವೆಂದರೇನೆಂದು ಗೊತ್ತಾದದ್ದು ಆ ವಾರ. ನಾನು ಸುಮ್ಮನಾದರೆ ಲೋಕದಲ್ಲಿ ಒಬ್ಬರಿಗಾದರೂ ತಿಳಿದೀತೇ? ಇಲ್ಲವೆಂದೇ ನನಗೆ ಖಾತರಿಯಿತ್ತು. ಅದಕ್ಕೆ ತುಂಬಾ ದುಃಖವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ, ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಹೆಂಗಸು, ಕತ್ತಿನಲ್ಲಿ ಅಳತೆ ಟೇಪು.

“ಮೇಷ್ಟ್ರೇ, ಮೈ ಸರಿ ಇಲ್ವಾ? ಕಾಲೇಜು ತೆರೆದು ನಾಕ್ ದಿನ ಆಯ್ತು, ಪಾಠನೇ ಇಲ್ಲ!”

“ರಿಟೈರಾದೆ ಕಣಮ್ಮ. ನಿಮಗೆ ಕೇಳಿಸ್ತಿತ್ತಾ?”

“ಕೇಳಿಸ್ದೆ ಏನು, ಇದೇನ್ ಕೋಟೆ ಗೋಡೆನೇ? ಇಂಗ್ಲಿಷ್ ಬರಾಕಿಲ್ಲ, ಕನ್ನಡದಾಗೆ ಹೇಳೋದೆಲ್ಲ ಕೇಳ್ತೀನಿ. ನೀವು ಪ್ಲೇಗು ಅಂದ್ರೆ ಆಷಾಢ. ಹಡಗು ಹೊರಟ್ರೆ ದಸರಾ ಬಂತು, ಬೇಗ ಬೇಗ ಹೊಲೀಬೇಕು. ಹೊಗೆ ಅಂದ್ರೆ ಅವರೆಕಾಯಿ, ಕ್ರಿಸ್‌ಮಸ್ಸು.” ಟೇಪು ಸರಿಮಾಡಿಕೊಳ್ಳುತ್ತಾ ಕೇಳಿದರು: “ಅದ್ಸರಿ, ಆಮೇಲೆ ಆ ಜನ ಏನಾದ್ರು? ವರ್ಷಾ ವರ್ಷಾ ಅವ್ರನ್ನ ಹೊಗೇಲೇ ಬುಟ್ಬುಟ್ಟು ಹೋಯ್ತೀರಲ್ಲ!”

ಎಂಥೆಂಥ ಪರೀಕ್ಷಕರನ್ನು ಎದುರಿಸಿದ ನಾನು ಈ ಪ್ರಶ್ನೆಗೆ ತಬ್ಬಿಬ್ಬಾದೆ. “ನಾಳೆ ಹೇಳ್ತೀನಿ” ಎಂದು ಬಾಗಿಲು ಹಾಕಿಕೊಂಡು, ಮೂವತ್ತು ವರ್ಷ ಹಾರಿಸಿದ್ದ ಅಧ್ಯಾಯವನ್ನು ತೆಗೆದೆ. ಮೊದಲ ಮಹಾಯುದ್ಧದಲ್ಲಿ ಅವರ ನಂಬಿಕೆಗಳು ಮುರಿದುಬಿದ್ದಿದ್ದವು, ಅದಕ್ಕೇ ಪದ್ಯಗಳೂ ಚೂರುಚೂರು. ಜನ ದೊಡ್ಡ ಊರುಗಳ ಬಾಡಿಗೆ ಕೋಣೆ ಸೇರಿದ್ದರು. ಗೋಡೆಯಾಚೆಯ ಕೆಮ್ಮು ಕೇಳಿಸುತ್ತದೆ, ಕೆಮ್ಮುವವನ ಹೆಸರು ಗೊತ್ತಿಲ್ಲ. ಓದುತ್ತಾ ನನಗೆ ನಾಚಿಕೆಯಾಯಿತು. ನಾನು ಬಿಟ್ಟದ್ದು ಪರದೇಶದ ಕಥೆಯನ್ನಲ್ಲ, ನನ್ನದನ್ನೇ.

ಮರುದಿನ ಏಳಕ್ಕೆ, ಮೊದಲ ಸಲ ಬಾಗಿಲು ತೆರೆದಿಟ್ಟು ಪಾಠ ಶುರುಮಾಡಿದೆ. ಪೂರ್ತಿ ಕನ್ನಡದಲ್ಲಿ. ಆಕೆ ತಮ್ಮ ಹೊಸಿಲ ಮೇಲೆ ಕೂತು ಗುಂಡಿ ಹೊಲಿಯುತ್ತಾ ಕೇಳಿದರು. ಬಾಡಿಗೆ ಕೋಣೆಗಳ ವಿಷಯ ಬಂದಾಗ ಸೂಜಿ ನಿಂತಿತು.

“ಇದುಕ್ಕೆ ಇಂಗ್ಲೆಂಡಿಗ್ಯಾಕೆ ಹೋಗ್ಬೇಕು ಮೇಷ್ಟ್ರೇ? ಹನ್ನೊಂದ್ ವರ್ಷ ಆಯ್ತು. ನನ್ ಹೆಸರೇನು, ಹೇಳಿ ನೋಡವ?”

ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ನಿಂತೆ, ಕೊನೇ ಬೆಂಚಿನವನ ಹಾಗೆ.

“ತೆರೇಸಮ್ಮ” ಎಂದರು. “ಹ್ಞೂಂ, ಮುಂದಕ್ಕೆ ಹೇಳಿ.”

ಹೇಳತೊಡಗಿದೆ. ಸ್ವಲ್ಪ ಹೊತ್ತಿಗೆ ಅವರ ಮನೆಯೊಳಗಿಂದ ಸೀದ ವಾಸನೆ ಬಂತು. “ಅಯ್ಯೋ, ಅನ್ನ!” ಎಂದು ಎದ್ದು ಓಡಿದರು. ನನ್ನ ಪಾಠ ಕೇಳುತ್ತಾ ನಿದ್ದೆ ಮಾಡಿದವರು ನೂರಾರು ಮಂದಿ, ಅನ್ನ ಸೀಯಿಸಿಕೊಂಡವರು ಇವರೊಬ್ಬರೇ. ಗಡಿಯಾರ ನೋಡಿದೆ, ಎಂಟು ದಾಟಿತ್ತು. ಪೋರ್ಷನ್ನು ಇನ್ನೂ ಅರ್ಧ ಉಳಿದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದಕ್ಕಾಗಿ ಖುಷಿಪಟ್ಟು, ಅವರು ಪಾತ್ರೆ ಇಳಿಸಿ ಬರುವವರೆಗೆ ನಿಂತೇ ಕಾದೆ.