ನಾವೇ ಕಿತ್ತು ಹಾಕಿದ ಸೊಪ್ಪಿನ ಮಡಿಗಳು

2022ರ ಮಳೆಗಾಲ. ನಮ್ಮ ದೊಡ್ಡಬಳ್ಳಾಪುರದ ಸುತ್ತಮುತ್ತ ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಗಳೆಲ್ಲ ತುಂಬಿ ಕೋಡಿ ಹರಿದವು. ಊರವರು ಸಂತೋಷದಿಂದ ಬಾಗಿನ ಅರ್ಪಿಸಲು ಹೋಗುತ್ತಿದ್ದರೆ, ನಮ್ಮ ಬೀದಿಯವರೆಲ್ಲ ನಾವು ಮನೆಯೊಳಗೆ ನುಗ್ಗಿದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದೆವು.

ನಮ್ಮದು ನೇಕಾರರ ಬೀದಿ. ಬೆಳಗಾದರೆ ಪವರ್‌ಲೂಮ್ ಸದ್ದು, ಪಕ್ಕದಲ್ಲಿ ನಿಂತವರ ಜೊತೆಗೂ ಕೂಗಿಯೇ ಮಾತಾಡಬೇಕು. ಬೀದಿಯ ಕೊನೆಯಲ್ಲಿ ಕಾಲುವೆಗೆ ತಾಗಿದ ಒಂದು ಖಾಲಿ ಜಾಗವಿತ್ತು. ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತಾಗ ಪಕ್ಕದ ಮನೆಯ ಸರೋಜಕ್ಕ ಅಲ್ಲಿನ ಕಸ ಎತ್ತಿ, ಮಣ್ಣು ಅಗೆದು ಸೊಪ್ಪು ಹಾಕಿದರು. ಆಮೇಲೆ ಬೀದಿಯ ಹೆಂಗಸರೆಲ್ಲ ಸೇರಿಕೊಂಡೆವು. ಬದನೆ, ಹೀರೆ, ಅವರೆ ಚಪ್ಪರ ಎಲ್ಲ ಬಂತು. ಬೇಕಾದವರು ಬೇಕಾದಷ್ಟು ಕಿತ್ತುಕೊಂಡು ಹೋಗುವುದು. ಸಂಜೆ ಅಲ್ಲಿ ಕೂತರೆ ಮೆಲ್ಲಗೆ ಮಾತಾಡಿದರೂ ಕೇಳಿಸುತ್ತಿತ್ತು. ಸರೋಜಕ್ಕನಿಗೆ ಮಕ್ಕಳಿರಲಿಲ್ಲ. ಆ ವರ್ಷ ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಪಲ್ಲವಿ ಶಾಲೆ ಬಿಟ್ಟ ಕೂಡಲೇ ಅವರ ಸೆರಗು ಹಿಡಿದು ತೋಟ ಸೇರುತ್ತಿದ್ದಳು.

ಕೋಡಿ ನೀರಿಗೆ ಕಾಲುವೆ, ಚರಂಡಿ ಎಲ್ಲ ಉಕ್ಕಿ, ಮೊದಲು ಮುಳುಗಿದ್ದು ಆ ತೋಟ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಚಪ್ಪರ ನೆಲ ಕಚ್ಚಿತ್ತು. ಮೊಣಕಾಲುದ್ದ ಕಪ್ಪು ಕೆಸರು, ಅದರಲ್ಲಿ ಪ್ಲಾಸ್ಟಿಕ್ ಕವರು, ಹಳೇ ಚಪ್ಪಲಿ, ಸತ್ತ ಹೆಗ್ಗಣ. ವಾಸನೆಗೆ ಮೂಗು ಮುಚ್ಚಿಕೊಂಡು ನಿಂತೆವು. ಎಲ್ಲರ ಮನೆಯಲ್ಲೂ ಮಗ್ಗದ ಮೋಟಾರು ನೆನೆದು ಕೂತಿದ್ದ ಸಮಯ. ಹೆಚ್ಚಿನವರು ಒಂದೆರಡು ದಿನ ಬಂದು ಕೈಬಿಟ್ಟರು. "ಸಾಕು ಬನ್ನಿ ಅಕ್ಕ, ಇದಿನ್ನು ಆಗೋ ಹೋಗೋ ಮಾತಲ್ಲ" ಎಂದೆ. ಸರೋಜಕ್ಕ ಗುದ್ದಲಿ ಬಿಡಲಿಲ್ಲ.

"ಮಗು ದಿನಾ ಬಂದು ಇಣುಕಿ ನೋಡ್ಕೊಂಡು ಹೋಗ್ತಾಳೆ ಕಣೇ ಗೀತಾ. ಒಂದ್ ಮಡೀನಾದ್ರೂ ಎಬ್ಬಿಸ್ತೀನಿ."

ನಾನೂ ಜೊತೆಗೆ ನಿಂತೆ. ಕೆಸರು ಬಳಿದು, ಬಿಸಿಲಿಗೆ ಬಿಟ್ಟು, ಮೆಂತ್ಯ, ಕೊತ್ತಂಬರಿ ಚೆಲ್ಲಿದೆವು. ಸೊಪ್ಪು ಎಂಥ ಸೊಗಸಾಗಿ ಬಂತು ಗೊತ್ತೇ? ಅಷ್ಟು ದಟ್ಟ ಹಸಿರನ್ನು ನಾವು ಮೊದಲು ಬೆಳೆದೇ ಇರಲಿಲ್ಲ. ಬಿಟ್ಟುಹೋದವರೂ ನೋಡಲು ಬಂದರು. ಸರೋಜಕ್ಕ ಮನೆಮನೆಗೂ ಒಂದೊಂದು ಕಟ್ಟು ಹಂಚಿದರು. ಮೊದಲನೆಯದು ಪಲ್ಲವಿಯ ಕೈಗೆ. ನಾನು ತೊಳೆದು, ಹಸಿಯಾಗಿಯೇ ಹೆಚ್ಚಿ ಹೆಸರುಬೇಳೆ ಕೋಸಂಬರಿ ಮಾಡಿದೆ. ಅವಳು ಎರಡು ಸಲ ಹಾಕಿಸಿಕೊಂಡು ತಿಂದಳು.

ಎರಡು ದಿನ ಕಳೆಯುವಷ್ಟರಲ್ಲಿ ಮಗುವಿಗೆ ವಾಂತಿ, ಭೇದಿ, ಮೈ ಕೆಂಡದಂತೆ ಜ್ವರ. ಬೀದಿಯ ಇನ್ನೂ ಕೆಲವು ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು. ಪಲ್ಲವಿಗೆ ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಡಾಕ್ಟರು ಎಲ್ಲ ವಿಚಾರಿಸಿ, "ಕುಡಿಯೋ ನೀರಿಂದಾನೂ ಆಗಿರ್ಬಹುದು, ಸೊಪ್ಪಿಂದಾನೂ ಆಗಿರ್ಬಹುದು. ಇಂಥದ್ದೇ ಅಂತ ಹೇಳಕ್ಕಾಗಲ್ಲ. ಆದ್ರೆ ಚರಂಡಿ ನೀರು ನಿಂತಿದ್ದ ಮಣ್ಣಮ್ಮ ಅದು. ಅಲ್ಲಿ ಬೆಳೆದಿದ್ದನ್ನ ತಿನ್ಬೇಡಿ" ಅಂದರು.

ಸರೋಜಕ್ಕ ನನ್ನ ಹಿಂದೆಯೇ ನಿಂತಿದ್ದರು. ಸೀದಾ ಹೊರಗೆ ಹೋದರು. ಆಮೇಲೆ ಆಸ್ಪತ್ರೆಗೆ ದಿನಾ ಬಂದರೂ ವಾರ್ಡಿನೊಳಕ್ಕೆ ಕಾಲಿಡಲಿಲ್ಲ. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು, ಹೋಗಿ ಬರುವ ನರ್ಸುಗಳನ್ನು "ಮಗು ಹೆಂಗಿದೆ?" ಎಂದು ಕೇಳುತ್ತಿದ್ದರು. ನಾನು ಕೈ ಹಿಡಿದು ಕರೆದೆ. "ನೀವೇನು ಬೇಕೂಂತ ಮಾಡಿದ್ರಾ ಅಕ್ಕ? ಹೆಚ್ಚಿ ಬಡಿಸಿದ್ದು ನಾನಲ್ವಾ?"

"ನನ್ ಕೈಯಾರೆ ಕೊಟ್ಟೆ ಕಣೇ" ಎಂದು ಕೈ ಬಿಡಿಸಿಕೊಂಡರು.

ಪಲ್ಲವಿ ಹುಷಾರಾಗಿ ಮನೆಗೆ ಬಂದಳು. ಮಾರನೆಯ ಬೆಳಗ್ಗೆ ತೋಟದ ಕಡೆ ನೋಡಿದರೆ ಸರೋಜಕ್ಕ ಒಬ್ಬರೇ ಕುಕ್ಕರುಗಾಲಿನಲ್ಲಿ ಕೂತು ಸೊಪ್ಪು ಕೀಳುತ್ತಿದ್ದರು. ಬೇರೆ ಬೀದಿಯವರ ದನಕ್ಕೂ ಸಿಗಬಾರದೆಂದು ಪಕ್ಕದಲ್ಲಿ ಗುಂಡಿ ತೋಡಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಬಂದರು. ಕಳೆಯಲ್ಲ, ಹುಳ ಹಿಡಿದದ್ದಲ್ಲ. ನಳನಳಿಸುವ ಸೊಪ್ಪನ್ನು ಬೇರುಸಮೇತ ಕಿತ್ತು ಗುಂಡಿಗೆ ಹಾಕಿ ಮಣ್ಣು ಎಳೆದೆವು. ನನಗೆ ಸಾವಿನ ಮನೆಯಲ್ಲಿ ಕೂತ ಹಾಗಾಗಿತ್ತು.

ಅಲ್ಲಿ ಮತ್ತೆ ಯಾರೂ ಏನೂ ಬೆಳೆಯಲಿಲ್ಲ. ಈಗ ಪಾರ್ಥೇನಿಯಂ ಗಿಡ ಎದೆಯೆತ್ತರ ನಿಂತಿದೆ. ಸರೋಜಕ್ಕ ನಮ್ಮ ಮನೆಗೆ ಬರುವುದನ್ನೂ ಬಿಟ್ಟರು.

ಕಳೆದ ವರ್ಷ ಶಿವಗಂಗೆ ಹತ್ತಿರದ ನನ್ನ ತವರಿನಿಂದ ಒಂದು ಚೀಲ ಕೆಮ್ಮಣ್ಣು ತರಿಸಿ, ತಾರಸಿಯ ಮೇಲೆ ಪೇಂಟ್ ಡಬ್ಬಗಳಲ್ಲಿ ಮೆಂತ್ಯ ಹಾಕಿದೆ. ಮೊದಲ ಕಟ್ಟನ್ನು ಪಲ್ಲವಿಯ ಜೊತೆ ಅವರ ಮನೆಗೆ ತೆಗೆದುಕೊಂಡು ಹೋದೆ. "ಒಳ್ಳೇ ಮಣ್ಣು ಅಕ್ಕ, ಬೋರ್‌ವೆಲ್ ನೀರು" ಎಂದೆ. ಸರೋಜಕ್ಕ ಸೊಪ್ಪನ್ನು ಮೂಸಿ ನೋಡಿದರು. ಒಂದು ಎಸಳು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು.

"ಮಗೂಗೆ ಇವತ್ತು ಕೊಡ್ಬೇಡ. ನಂಗೇನೂ ಆಗ್ಲಿಲ್ಲ ಅಂದ್ರೆ ನಾಳೆ ನೋಡೋಣ."

ಪಲ್ಲವಿ ನಗುತ್ತಾ ಕೈ ಚಾಚಿದಳು. ಅವರು ಕಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಈಗಲೂ ನಮ್ಮ ತಾರಸಿಯಿಂದ ಸೊಪ್ಪು ಕೊಟ್ಟಾಗಲೆಲ್ಲ ಅವರೇ ಮೊದಲು ತಿನ್ನುತ್ತಾರೆ. ಆ "ನಾಳೆ" ಮಾತ್ರ ಇನ್ನೂ ಬಂದಿಲ್ಲ.